ಊಟಕ್ಕೆ ತಕರಾರು ಮಾಡದ ಗಂಡ

ಮಾರ್ಚ್ 3, ಸೋಮವಾರ

ಇವರಿಗೆ ಕೆಲಸ ಸಿಕ್ಕಿತು, ಸಿಕ್ಕಿತು, ಸಿಕ್ಕೇ ಸಿಕ್ಕಿತು! ಮದುವೆಯಾದ ಇಪ್ಪತ್ತಾರನೆಯ ದಿನಕ್ಕೆ ನನ್ನ ಗಂಡ ಗೋದಾಮಿನ ಗುಮಾಸ್ತನಿಂದ ಟೀ ಟೇಸ್ಟರ್ ಆಗಿಬಿಟ್ಟರು. ನನ್ನ ಕಾಲ್ಗುಣ ಎಂದು ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೇಳುವ ಲಕ್ಷಣ ಕಾಣದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ಈ ಡೈರಿ ಮದುವೆಗೆ ಬಂದ ಹನ್ನೊಂದು ಗೋಡೆ ಗಡಿಯಾರಗಳ ನಡುವೆ ಸಿಕ್ಕಿತು. ಕೊಟ್ಟವರ ಹೊಟ್ಟೆ ತಣ್ಣಗಿರಲಿ. ಕನ್ನಡದಲ್ಲೇ ಬರೆಯುತ್ತಿದ್ದೇನೆ, ಏಕೆಂದರೆ ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ನನ್ನ ಕನ್ನಡ ಅಕ್ಷರವನ್ನು ಭೂಮಿಯ ಮೇಲೆ ಯಾರಿಂದಲೂ ಓದಲಾಗುವುದಿಲ್ಲ. ಇದಕ್ಕಿಂತ ಗಟ್ಟಿಯಾದ ಬೀಗ ಯಾವುದಿದೆ?

ಸರಿ, ಡೈರಿಯ ಹತ್ತಿರ ಸುಳ್ಳೇಕೆ. ಸಿಕ್ಕಿರುವುದು ಮೂರು ವಾರದ ಪರೀಕ್ಷೆ. ಬೆಟ್ಟದ ಮೇಲಿನ ಚಹಾ ಕಾರ್ಖಾನೆಯಲ್ಲಿ ಮೂರು ವಾರ ನೋಡುತ್ತಾರೆ. ಪಾಸಾದರೆ ಕೆಲಸ, ಜೊತೆಗೆ ತೋಟದ ನಡುವೆ ಬಿಳಿ ಕಿಟಕಿಯ ಕ್ವಾರ್ಟರ್ಸು. ಫೇಲಾದರೆ ಮತ್ತೆ ಗೋದಾಮು, ಮತ್ತೆ ಅತ್ತೆಮನೆಯ ಆ ಕೋಣೆ. ಆ ಕೋಣೆಯಲ್ಲಿ ಮನೆಮಂದಿಯೆಲ್ಲರ ಹಾಸಿಗೆ, ದಿಂಬು, ಕೊಡೆ, ಸೈಕಲ್ ಪಂಪು ಇವೆ. ಬಾಗಿಲಿಗೆ ಚಿಲಕ ಇಲ್ಲ. ನಮ್ಮ ಮೊದಲ ವಾರದಲ್ಲಿ ಎಷ್ಟು ಜನರ ಸೈಕಲ್ಲಿಗೆ ಗಾಳಿ ಬೇಕಾಯಿತೆಂದರೆ, ಊರಿನಲ್ಲಿ ಏನೋ ರೇಸು ಇದೆ ಎಂದುಕೊಂಡೆ.

ಈ ಕೆಲಸಕ್ಕೆ ಶಿಫಾರಸು ಮಾಡಿದ್ದು ದೊಡ್ಡಮಾವ, ಅಂದರೆ ನಮ್ಮ ಮಾವನವರ ಅಣ್ಣ. ಅದೇ ಕಂಪನಿಯಲ್ಲಿ ಮೂವತ್ತು ವರ್ಷ ಕುರ್ಚಿ ಸವೆಸಿ ನಿವೃತ್ತರಾದವರು. "ನಮ್ಮ ಹುಡುಗ ಕುಡಿಯಲ್ಲ, ಸೇದಲ್ಲ, ಊಟಕ್ಕೆ ಒಂದು ದಿನ ತಕರಾರು ಮಾಡಿದವನಲ್ಲ. ಅಂಥ ಶುದ್ಧ ನಾಲಿಗೆ ನಿಮಗೆ ಎಲ್ಲಿ ಸಿಗುತ್ತೆ?" ಎಂದರಂತೆ. ಇಡೀ ಮನೆ ತಲೆದೂಗಿತು. ನಾನೂ ತೂಗಿದೆ.

ಹನಿಮೂನಿಗೆ ಬೇರೆ ಹೋಗುವುದೇ ಬೇಡ. ಬೆಟ್ಟ, ತೋಟ, ಹಳೆಯ ರೈಲು, ಎಲ್ಲ ಕಂಪನಿಯ ಲೆಕ್ಕದಲ್ಲೇ!

ಮಾರ್ಚ್ 6, ಗುರುವಾರ

ಬಂದೆವು. ಕೆಳಗಿನ ಜಂಕ್ಷನ್ನಿನಲ್ಲಿ ದೊಡ್ಡ ರೈಲು ಇಳಿದು ಪುಟ್ಟ ರೈಲು ಹತ್ತಬೇಕು. ನೂರು ವರ್ಷ ದಾಟಿದ ಹಳಿ. ಹಳಿಗಳ ನಡುವೆ ಹಲ್ಲಿನ ಪಟ್ಟಿಯಿದೆ. ಎಂಜಿನ್ನು ಅದನ್ನು ಕಚ್ಚಿಕೊಂಡು ನಮ್ಮನ್ನು ಹಿಂದಿನಿಂದ ನೂಕುತ್ತದೆ. ಮುಂದೆ ನಿಂತು ಎಳೆಯದೆ ಹಿಂದಿನಿಂದ ನೂಕಿ, ಊರಿಗೆಲ್ಲ ಕೇಳುವಂತೆ ಏದುಸಿರು ಬಿಡುವ ಪದ್ಧತಿ ನನಗೆ ಹೊಸದಲ್ಲ. ನಮ್ಮ ದೊಡ್ಡಮಾವ ಇದ್ದಾರಲ್ಲ.

ಹದಿನೆಂಟು ಮೈಲಿಗೆ ನಾಲ್ಕೂವರೆ ಗಂಟೆ. ದಾರಿಯಲ್ಲಿ ಒಂದು ಹಸು ನಮ್ಮನ್ನು ಹಿಂದೆ ಹಾಕಿತು. ಅದಕ್ಕೆ ಅವಸರವೂ ಇದ್ದಂತಿರಲಿಲ್ಲ. ಪ್ರವಾಸಿಗರು ಪ್ರತಿ ತಿರುವಿಗೂ ಚಪ್ಪಾಳೆ ತಟ್ಟಿದರು. ಇವರು ಮಾತ್ರ ಕಣ್ಣು ಮುಚ್ಚಿ ಕೇಳುತ್ತಿದ್ದರು.

"ಕೇಳಿಸ್ತಾ? ಎಂಜಿನ್ನಿಂದು ಎಡಗಡೆ ಸಿಲಿಂಡರ್ ಸ್ವಲ್ಪ ಕುಂಟ್ತಿದೆ."

"ರೀ, ಹೊರಗಡೆ ನೋಡ್ರೀ, ಎಷ್ಟು ಚೆನ್ನಾಗಿದೆ!"

"ಹೂಂ, ಹೂಂ. ಈಗ ಕೇಳು, ಮತ್ತೆ ಕುಂಟ್ತು."

ಸುರಂಗದಲ್ಲಿ ಕೈ ಹಿಡಿದುಕೊಂಡರು. ನನ್ನ ಎದೆ ಢವಗುಟ್ಟಿತು. ಹಿಡಿದದ್ದು ಸುರಂಗದ ಏರು ಎಷ್ಟು ಕಡಿದು ಎಂದು ನನ್ನ ಅಂಗೈಯನ್ನು ವಾಲಿಸಿ ತೋರಿಸಲು. ಡಬ್ಬಿಯ ತುಂಬ ಕಲ್ಲಿದ್ದಲ ಹೊಗೆ ನುಗ್ಗಿ ಎಲ್ಲರೂ ಕರ್ಚೀಫು ಹುಡುಕುತ್ತಿದ್ದರೆ, ಇವರು ಕಿಟಕಿಯಿಂದ ಮುಖ ಹೊರಗಿಟ್ಟು ತೋಟದ ಗಾಳಿ ಕುಡಿದಂತೆ ಉಸಿರೆಳೆದುಕೊಂಡರು. ಎಂಥ ಗಟ್ಟಿ ಗಂಡು!

ಕಾರ್ಖಾನೆಯ ಗೆಸ್ಟ್‌ಹೌಸಿನಲ್ಲಿ ಮಹಡಿಯ ಮೇಲೆ ಒಂದು ಕೋಣೆ. ಬಾಗಿಲಿಗೆ ಚಿಲಕ ಇದೆ. ನಾಲ್ಕು ಸಲ ಹಾಕಿ ತೆಗೆದು ನೋಡಿದೆ. ಗೆಸ್ಟ್‌ಹೌಸ್ ನೋಡಿಕೊಳ್ಳುವ ಅಕ್ಕ ಬಂದು ಗೋಡೆಯ ಕಾಗದ ಓದಿಸಿದರು. ಟೇಸ್ಟರ್ ಇರುವ ಕೋಣೆಯಲ್ಲಿ ಸೆಂಟು ಬೇಡ, ಪೌಡರು ಬೇಡ, ಪರಿಮಳದ ಸೋಪು ಬೇಡ, ಈರುಳ್ಳಿ ಬೆಳ್ಳುಳ್ಳಿ ಬೇಡ.

"ಮತ್ತೆ ಹೆಂಡತಿ ಇರಬಹುದಾ?" ಎಂದೆ.

"ವಾಸನೆ ಬರದಿದ್ರೆ ಇರಬಹುದು," ಎಂದು ನಗದೆ ಹೇಳಿ, ನನ್ನ ಮೂರು ಸೆಂಟು ಬಾಟಲಿ, ಎರಡು ಪೌಡರು, ಒಂದು ತಲೆಯೆಣ್ಣೆಯನ್ನು ಬುಟ್ಟಿಗೆ ಹಾಕಿಕೊಂಡು ಇಳಿದು ಹೋದರು. ಸಂಕಟವಾಯಿತು. ಆ ಸೆಂಟನ್ನು ಇವರು ದಿನಾ ಬೆಳಗ್ಗೆ ತಪ್ಪದೆ ಹೊಗಳುತ್ತಿದ್ದರು.

ಮಾರ್ಚ್ 9, ಭಾನುವಾರ

ವ್ಯೂ ಪಾಯಿಂಟಿಗೆ ಹೋಗಿದ್ದೆವು. ಟಿಕೆಟ್ಟು ಕೊಂಡು, ಮುನ್ನೂರ ಹನ್ನೆರಡು ಮೆಟ್ಟಿಲು ಹತ್ತಿ, ಅತ್ಯಂತ ಉತ್ತಮ ದರ್ಜೆಯ ಮಂಜನ್ನು ನೋಡಿ ಬಂದೆವು. ಕಂಬಿಯ ಪಕ್ಕ ಒಂದು ಬೋರ್ಡು, ಅದರಲ್ಲಿ ಬಾಣದ ಗುರುತುಗಳು: ಈ ಕಡೆ ಜಲಪಾತ, ಆ ಕಡೆ ಕಣಿವೆ. ಎಲ್ಲರೂ ಬಾಣದ ಕಡೆ ತಿರುಗಿ ಫೋಟೋ ತೆಗೆಸಿಕೊಂಡರು. ನಾವೂ ತೆಗೆಸಿಕೊಂಡೆವು. ನಮ್ಮ ಹಿಂದೆ ಇರುವುದು ಜಲಪಾತ ಎಂದು ಮುಂದೆ ನಮ್ಮ ಮಕ್ಕಳು ನಂಬಬೇಕು.

ಮಧ್ಯಾಹ್ನ ಅಕ್ಕನನ್ನು ಕಾಡಿಬೇಡಿ ಅಡುಗೆಮನೆ ತೆಗೆದುಕೊಂಡೆ. ಬೇಳೆ ತಳ ಹಿಡಿಯಿತು. ಸ್ವಲ್ಪವಲ್ಲ, ಪಾತ್ರೆಯೂ ಬೇಳೆಯೂ ಒಂದೇ ಪದಾರ್ಥವಾಗಿಬಿಟ್ಟವು. ಅಕ್ಕ ಮೂಗು ಮುಚ್ಚಿಕೊಂಡು ಹೊರಗೆ ಹೋದರು. ಇವರು ಎರಡು ಸಲ ಹಾಕಿಸಿಕೊಂಡು ಉಂಡರು.

"ಹೇಗಿದೆ?"

"ಚೆನ್ನಾಗಿದೆ ಕಣೆ. ಬಿಸಿಬಿಸಿ ಇದೆ."

ಅಳು ಬಂತು. ಗೆಳತಿಯರೆಲ್ಲ ಗಂಡಂದಿರ ತಕರಾರು ಹೇಳಿಕೊಂಡು ಗೋಳಾಡುತ್ತಾರೆ. ನನಗೆ ಹೇಳಿಕೊಳ್ಳಲು ಏನೂ ಇಲ್ಲ. ಇದೊಂದೇ ನನ್ನ ಗೋಳು.

ಮಾರ್ಚ್ 11, ಮಂಗಳವಾರ

ಟೇಸ್ಟಿಂಗ್ ರೂಮು ನೋಡಿದೆ. ಉದ್ದನೆಯ ಕಟ್ಟೆ, ಅದರ ಮೇಲೆ ಮುಚ್ಚಳವಿರುವ ಇಪ್ಪತ್ತನಾಲ್ಕು ಬಿಳಿ ಪಿಂಗಾಣಿ ಪಾತ್ರೆ, ಎದುರಿಗೆ ಇಪ್ಪತ್ತನಾಲ್ಕು ಬಟ್ಟಲು. ಹಿಂದಿನ ದಿನ ತಯಾರಾದ ಒಂದೊಂದು ರಾಶಿಯಿಂದಲೂ ಚಿಟಿಕೆ ಸೊಪ್ಪು ತೂಗಿ ಹಾಕಿ, ಕುದಿಯುವ ನೀರು ಹೊಯ್ದು, ಆರು ನಿಮಿಷ ಗಡಿಯಾರ ನೋಡುತ್ತಾ ನಿಲ್ಲುತ್ತಾರೆ. ಹಾಲಿಲ್ಲ, ಸಕ್ಕರೆಯಿಲ್ಲ, ನಗುವಿಲ್ಲ.

ಆಮೇಲೆ ಸ್ಪೂನ್ ಸಾಹೇಬರು ಬರುತ್ತಾರೆ. ಕಾರ್ಖಾನೆಯ ಹಿರಿಯ ಟೇಸ್ಟರ್. ಹೆಸರು ಯಾರಿಗೂ ನೆನಪಿಲ್ಲ, ಜೇಬಿನ ಬೆಳ್ಳಿ ಚಮಚವೇ ಹೆಸರು. ಒಂದು ಚಮಚ ಚಹಾವನ್ನು ಸೊರ್ರೆಂದು ಎಳೆದುಕೊಂಡು, ಬಾಯಿ ತುಂಬ ಆಡಿಸಿ, ಗಾಲಿಯ ಮೇಲಿರುವ ಉದ್ದ ಡಬ್ಬಿಗೆ ಪಿಚಕ್ಕನೆ ಉಗಿದು, ಒಂದೇ ಮಾತು ಹೇಳುತ್ತಾರೆ. "ಬಾಡಿದ್ದು ಸಾಲದು." "ಬೆಂದಿದೆ." "ಹೋಗಲಿ." ಅಷ್ಟೇ. ಅವರು "ಹೋಗಲಿ" ಎಂದರೆ ರಾಶಿ ಪೆಟ್ಟಿಗೆಗೆ ತುಂಬಿ ರೈಲು ಹತ್ತುತ್ತದೆ. ಸದ್ದು ಮಾಡದೆ ಕುಡಿಯುವುದನ್ನು ಕಲಿಸಲು ನಮ್ಮಮ್ಮ ಹತ್ತು ವರ್ಷ ನನ್ನ ತಲೆ ಮೊಟಕಿದಳು. ಇಲ್ಲಿ ಸದ್ದು ಮಾಡಿದವರೇ ಸಾಹೇಬರು.

ಇವರು ಪಕ್ಕದಲ್ಲಿ ನಿಂತು ಗಂಭೀರವಾಗಿ ಸೊರ್ರೆನ್ನುತ್ತಿದ್ದರು. ಸದ್ದಿನಲ್ಲಿ ಸಾಹೇಬರಿಗಿಂತ ಒಂದು ಕೈ ಮೇಲೆ.

ಮಾರ್ಚ್ 14, ಶುಕ್ರವಾರ

ಇವತ್ತು ಎಷ್ಟು ಮುದ್ದಾದ ಸಂಜೆ! ಇವರು ಆರು ಪುಟ್ಟ ಡಬ್ಬಿಗಳಲ್ಲಿ ಚಹಾ ತಂದರು. ನಾಳೆ ಬೆಳಗ್ಗೆ ಆರರ ಬಗ್ಗೆಯೂ ಅಭಿಪ್ರಾಯ ಬರೆದು ಸಾಹೇಬರಿಗೆ ಕೊಡಬೇಕಂತೆ.

"ನೀನೂ ಕುಡಿದು ನೋಡು. ಏನನ್ಸುತ್ತೋ ಹಾಗೇ ಹೇಳು."

"ನನಗೇನ್ರೀ ಗೊತ್ತು?"

"ಗೊತ್ತಿಲ್ದೇ ಇರೋರು ಹೇಳೋದೇ ಸರಿಯಾಗಿರುತ್ತೆ."

ಹೇಳಿದೆ. ಮೊದಲನೆಯದು ಹೊಸ ಕಂಪಾಸ್ ಬಾಕ್ಸ್ ತೆರೆದಂತೆ. ಎರಡನೆಯದು ಜ್ವರ ಬಿಟ್ಟ ಮಾರನೆಯ ದಿನದ ಬಾಯಿ. ಮೂರನೆಯದು ಮಾತು ಕಡಿಮೆ, ಕೆಲಸ ಜಾಸ್ತಿ ಇರುವ ನಾದಿನಿ, ಅಂಥವಳು ಎಲ್ಲಿ ಸಿಗುತ್ತಾಳೋ. ನಾಲ್ಕನೆಯದು ಒದ್ದೆ ಛತ್ರಿಯನ್ನು ಬೀರುವಿನಲ್ಲಿಟ್ಟು ಮರೆತ ಹಾಗೆ, ಥೂ. ಐದು, ಆರು ಅಣ್ಣತಮ್ಮಂದಿರು, ಆರನೆಯವನು ಸ್ವಲ್ಪ ಸೋಮಾರಿ.

ನಾನು ಹೇಳಿದ್ದನ್ನೆಲ್ಲ ಇವರು ಒಂದು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು! ಒಂದೊಂದು ಮಾತನ್ನೂ! "ನಾದಿನಿ ಆದ್ಮೇಲೆ ಏನಂದೆ?" ಎಂದು ಮತ್ತೆ ಕೇಳಿ ಬರೆದುಕೊಂಡರು. ಹೆಂಡತಿ ಆಡಿದ ಮಾತನ್ನು ಕೇಳಿಸಿಕೊಳ್ಳುವ ಗಂಡಂದಿರೇ ಅಪರೂಪ. ಬರೆದಿಟ್ಟುಕೊಳ್ಳುವ ಗಂಡ ಯಾವ ಪುಣ್ಯಕ್ಕೆ ಸಿಗುತ್ತಾನೆ?

ಮಾರ್ಚ್ 16, ಭಾನುವಾರ

ಸ್ಟೇಷನ್ನಿಗೆ ಹೋಗಿದ್ದೆವು. ಭಾನುವಾರ ಇವರು ಎಂಜಿನ್ ನೋಡಲು ಹೋಗುತ್ತಾರೆ, ನಾನು ಎಂಜಿನ್ ನೋಡುವ ಇವರನ್ನು ನೋಡಲು ಹೋಗುತ್ತೇನೆ. ಇವರು ಹಳಿಗಿಳಿದು ಡ್ರೈವರನ ಹತ್ತಿರ ಎಡಗಡೆ ಸಿಲಿಂಡರಿನ ಆರೋಗ್ಯ ವಿಚಾರಿಸುತ್ತಿದ್ದಾಗ ಸ್ಪೂನ್ ಸಾಹೇಬರು ನನ್ನ ಬೆಂಚಿಗೆ ಬಂದು ಕೂತರು.

"ನಿಮ್ಮ ಯಜಮಾನರು ನಾಲ್ಕನೇ ಬಟ್ಟಲಿಗೆ ಏನು ಬರೆದ್ರು ಗೊತ್ತಾ? ಒದ್ದೆ ಛತ್ರೀನ ಬೀರುವಲ್ಲಿ ಮರೆತ ಹಾಗೆ ಅಂತ. ಅದು ಬೂಷ್ಟು ಹಿಡಿದ ಸೊಪ್ಪು. ಪರೀಕ್ಷೆಗೆ ಅಂತ ನಾನೇ ಬೆರೆಸಿದ್ದೆ. ನಲವತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ, ನನಗೆ ಛತ್ರಿ ಹೊಳೀಲಿಲ್ಲ."

ನನ್ನ ಮುಖ ಅರಳಿತು.

"ಮೂರನೇದು ನಾದಿನಿ ತರ ಅಂದಿದ್ರು. ನಿಮಗೆ ತಂಗಿ ಇದ್ದಾರಾ?"

"ಇಲ್ಲ ಸರ್, ನಾನೊಬ್ಬಳೇ ಮಗಳು."

"ಅವರಿಗೆ?"

"ಒಬ್ಬಳು ತಂಗಿ, ಸರ್. ನನಗೆ ನಾದಿನಿ."

"ಓಹೋ," ಎಂದು ಸಾಹೇಬರು ಹಳಿಯ ಕಡೆ ನೋಡುತ್ತಾ ಬಹಳ ಹೊತ್ತು ನಕ್ಕರು. ಏಕೆ ನಕ್ಕರೋ. ವಯಸ್ಸಾಗಿದೆ ಪಾಪ.

ಮದುವೆಯಾಗಿ ಒಂದೂಕಾಲು ತಿಂಗಳಿಗೇ ಇವರು ನನ್ನ ಮಾತುಗಳನ್ನೇ ಆಡತೊಡಗಿದ್ದಾರೆ. ಎರಡು ದೇಹ, ಒಂದೇ ನಾಲಿಗೆ!

ಮಾರ್ಚ್ 18, ಮಂಗಳವಾರ

ಮೇಲಿನ ಸಾಲನ್ನು ಈಗ ಓದಿಕೊಂಡೆ. ಹೌದು ತಾಯಿ, ಒಂದೇ ನಾಲಿಗೆ. ನಿನ್ನದು.

ನಡೆದದ್ದು ಇಷ್ಟು. ಮಧ್ಯಾಹ್ನ ಇವರು ಊಟಕ್ಕೆ ಬಂದು ಕುರ್ಚಿಯಲ್ಲಿ ಕೂತು ರೈಲಿನ ಪುಸ್ತಕ ಓದುತ್ತಿದ್ದರು. ಇವರ ಬೆನ್ನ ಹಿಂದೆ, ಎರಡು ಮೊಳ ದೂರದಲ್ಲಿ, ನಾನು ಹಳದಿ ದುಪಟ್ಟಾ ಇಸ್ತ್ರಿ ಮಾಡುತ್ತಿದ್ದೆ. ಕೆಳಗಿನಿಂದ ಅಕ್ಕ ಫೋನ್ ಬಂದಿದೆ ಎಂದು ಕೂಗಿದರು. ಇಸ್ತ್ರಿ ಪೆಟ್ಟಿಗೆಯನ್ನು ದುಪಟ್ಟಾದ ಮೇಲೆಯೇ ಬಿಟ್ಟು ಓಡಿದೆ. ನನ್ನ ಬುದ್ಧಿ ಅಷ್ಟೇ. ಅಮ್ಮನ ಹತ್ತಿರ ಹತ್ತು ನಿಮಿಷ ಇವರ ಗುಣಗಾನ ಮಾಡಿ ವಾಪಸು ಬರುವಾಗ ಕೆಳಗಿನ ಮೆಟ್ಟಿಲಿನಲ್ಲೇ ಸುಟ್ಟ ವಾಸನೆ ಬಡಿಯಿತು. ಮೂರು ಮೂರು ಮೆಟ್ಟಿಲು ಹಾರಿ ಬಂದು ನೋಡಿದರೆ ದುಪಟ್ಟಾದ ನಡುವೆ ಕಪ್ಪು ತೂತು, ಕೆಳಗಿನ ಕಂಬಳಿ ಹೊಗೆಯಾಡುತ್ತಿದೆ, ಹೊಗೆ ಇವರ ಕಿವಿಯ ಪಕ್ಕದಿಂದಲೇ ಕಿಟಕಿಗೆ ಹೋಗುತ್ತಿದೆ. ಇವರು ಪುಟ ತಿರುಗಿಸಿದರು.

"ಯಾಕೆ ಹಾಗೆ ಓಡಿ ಬರ್ತಿದೀಯ?"

ಹೂಜಿಯ ನೀರೆಲ್ಲ ಸುರಿದೆ. ಇವರು ತಿರುಗಿ ನೋಡಿದರು, ಮುಖ ಬಿಳಿಚಿತು. ಆ ಮುಖ ನೋಡಿದ ಮೇಲೆ ಕೇಳುವುದೇನೂ ಉಳಿದಿರಲಿಲ್ಲ. ಆದರೂ ಕೇಳಿದೆ.

"ನಿಮಗೆ ವಾಸನೆ ಬರಲಿಲ್ವಾ?"

"ಇಲ್ಲ."

"ನೆಗಡಿನಾ?"

"ಹನ್ನೊಂದನೇ ವಯಸ್ಸಲ್ಲಿ ನಿಂತಿದ್ದ ಗೂಡ್ಸ್ ಬೋಗಿ ಮೇಲಿಂದ ಬಿದ್ದೆ. ತಲೆಗೆ ಪೆಟ್ಟಾಯ್ತು. ಆವತ್ತಿಂದ ಉಪ್ಪು, ಹುಳಿ, ಖಾರ, ಸಿಹಿ, ಕಹಿ ಗೊತ್ತಾಗುತ್ತೆ. ಅದರಾಚೆ ಖಾಲಿ."

"ಮತ್ತೆ ನನ್ನ ಸೆಂಟು?"

"ಬಾಟಲಿ ತುಂಬ ಚೆನ್ನಾಗಿತ್ತು."

"ನನ್ನ ಅಡುಗೆ?"

"ಬಿಸಿಯಾಗಿರುತ್ತಲ್ಲ."

ಬರೆದುಕೊಂಡದ್ದು ಪ್ರೀತಿಯಿಂದಲ್ಲ, ಕಾಪಿ ಹೊಡೆಯಲು! ನಮ್ಮ ಸ್ಕೂಲಿನಲ್ಲಿ ಕಾಪಿ ಹೊಡೆದವರನ್ನೂ ಕಾಪಿ ತೋರಿಸಿದವರನ್ನೂ ಒಟ್ಟಿಗೇ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಹದಿಮೂರು ವರ್ಷ ಓದಿ ಒಂದು ದಿನವೂ ಬೆಂಚು ಹತ್ತದವಳು ನಾನು.

"ಯಾಕೆ ಒಪ್ಕೊಂಡ್ರಿ ಈ ಕೆಲಸ?"

"ದೊಡ್ಡಪ್ಪ ಹೇಳಿಬಿಟ್ಟಿದ್ರು. ನಿಮ್ಮ ಮನೆಯವರಿಗೂ ಹೇಳಿ ಆಗಿತ್ತು. ರೈಲೂ ಇತ್ತು." ರೈಲಿನ ಪುಸ್ತಕ ಮುಚ್ಚಿಟ್ಟು, "ನಿನಗೂ ಒಂದು ಮನೆ ಅಂತ ಆಗ್ತಿತ್ತು," ಎಂದರು.

ಇಡೀ ಕುಟುಂಬ ಸೇರಿ, ತಲೆದೂಗಿ, ಊಟಕ್ಕೆ ತಕರಾರು ಮಾಡದವನನ್ನೇ ಹುಡುಕಿ, ತಕರಾರು ಮಾಡುವುದೇ ಕಸುಬಾದ ಕೆಲಸಕ್ಕೆ ಕಳಿಸಿದೆ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ಗಾದೆ. ಇಲ್ಲಿ ಕತ್ತೆಯನ್ನು ಕಸ್ತೂರಿಯ ಅಂಗಡಿಗೇ ಮ್ಯಾನೇಜರ್ ಮಾಡಿದ್ದಾರೆ.

ಮಾರ್ಚ್ 19, ಬುಧವಾರ

ಅಡುಗೆಗೆ ಬೇಕೆಂದೇ ಉಪ್ಪು ಹಾಕಲಿಲ್ಲ. ಅದು ಗೊತ್ತಾಯಿತು. ತಾವೇ ಎದ್ದು ಹೋಗಿ ಉಪ್ಪಿನ ಡಬ್ಬಿ ತಂದುಕೊಂಡರು. ತಕರಾರು ಮಾಡಲಿಲ್ಲ.

ಮಾರ್ಚ್ 20, ಗುರುವಾರ

ಅತ್ತೆಗೆ ಫೋನ್ ಮಾಡಿದೆ.

"ಅತ್ತೆ, ನಿಮ್ಮ ಮಗನಿಗೆ ಮೂಗು ಕೆಲಸ ಮಾಡಲ್ಲ ಅಂತ ನಿಮಗೆ ಗೊತ್ತಿತ್ತಾ?"

ಆ ಕಡೆ ಒಗ್ಗರಣೆ ಸೌಟು ಕೆಳಗಿಟ್ಟ ಸದ್ದು ಕೇಳಿಸಿತು. "ನೋಡಮ್ಮಾ, ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾವು ಒಂದಾದ್ರೂ ಹೇಳಿದ್ವಾ? ಸುಮ್ಮನಿದ್ವಿ, ಅಷ್ಟೇ."

"ಕೆಲಸಕ್ಕೆ ಕಳಿಸುವಾಗಲಾದ್ರೂ ಹೇಳಬಾರದಿತ್ತಾ?"

"ನಾಲಿಗೆ ಕೆಲಸ ಅಂದ್ರು ನಿಮ್ಮ ದೊಡ್ಡಮಾವ. ಮೂಗಿನ ಕೆಲಸ ಅಂದಿದ್ರೆ ನಾನೇ ಬೇಡ ಅಂತಿದ್ದೆ. ಹೋಗಲಿ, ನೀನಿದೀಯಲ್ಲ, ಸ್ವಲ್ಪ ಅಡ್ಜಸ್ಟ್ ಮಾಡ್ಕೊ."

ಸಂಜೆ ಇವರು ಆರು ಡಬ್ಬಿಗಳನ್ನು ಮೇಜಿನ ಮೇಲಿಟ್ಟು ಏನೂ ಕೇಳದೆ ಹೊರಗೆ ಹೋಗಿ ನಿಂತರು. ನನಗೇನೂ ಕುಡಿಯಬೇಕಾಗಿರಲಿಲ್ಲ. ಬಿಳಿ ಕಿಟಕಿಯ ಮನೆ ನೆನಪಾಯಿತು, ಸೈಕಲ್ ಪಂಪೂ ನೆನಪಾಯಿತು. ನೀರು ಕಾಯಿಸಿದೆ. ಆರು ನಿಮಿಷ ಎಣಿಸಿದೆ. ಎರಡನೆಯದಕ್ಕೂ ಐದನೆಯದಕ್ಕೂ ಇರುವ ವ್ಯತ್ಯಾಸ ತಿಳಿಯದೆ ಮೂರು ಸಲ ಕುಡಿದು, ಮೂರನೆಯ ಸಲ ಹೊಳೆದಾಗ ಗಟ್ಟಿಯಾಗಿ "ಹಾಂ!" ಎಂದುಬಿಟ್ಟೆ. ಇವರು ಒಳಗೆ ಓಡಿ ಬಂದರು. "ನಿಮಗಲ್ಲ," ಎಂದೆ. ಉಕ್ತಲೇಖನ ಕೊಡುವ ಟೀಚರಿನಂತೆ ಗೋಡೆ ನೋಡುತ್ತಾ ಆರನ್ನೂ ಹೇಳಿ ಬರೆಸಿದೆ.

ಕೊನೆಯ ಪರೀಕ್ಷೆ ಸೋಮವಾರ. ಅಲ್ಲಿಯವರೆಗೆ ದೂಡಿದರಾಯಿತು. ಬೆಂಚು ಹತ್ತಿದ ಮೇಲೆ ಕಾಲು ನೋವಿನ ಮಾತೇಕೆ.

ಮಾರ್ಚ್ 22, ಶನಿವಾರ

ದೂಡಲಿಲ್ಲ. ಬಿದ್ದೆವು.

ಸ್ಪೂನ್ ಸಾಹೇಬರು ನಿನ್ನೆ ದವಡೆ ಹಲ್ಲು ಕೀಳಿಸಿಕೊಂಡಿದ್ದರು. ಬಾಯಿಯಲ್ಲಿ ಔಷಧಿ ಹತ್ತಿ, ಕೆನ್ನೆ ಊದಿ ಬನ್ನಿನಂತಾಗಿತ್ತು. ಆದ್ದರಿಂದ ಇವತ್ತು ಬೆಳಗಿನ ರಾಶಿಯನ್ನು ಇವರೊಬ್ಬರೇ ರುಚಿ ನೋಡಿ ಸಹಿ ಹಾಕಬೇಕಾಯಿತು. ಡಬ್ಬಿ ನನ್ನ ಹತ್ತಿರ ತರಲು ಸಮಯವೇ ಇರಲಿಲ್ಲ. ಇವರು ಬಣ್ಣ ನೋಡಿ "ಹೋಗಲಿ" ಎಂದು ಬರೆದರು. ಪೆಟ್ಟಿಗೆಗಳು ಮಧ್ಯಾಹ್ನದ ರೈಲಿಗೆಂದು ಸ್ಟೇಷನ್ನಿಗೆ ಹೋದವು.

ಇದ್ಯಾವುದೂ ನನಗೆ ಗೊತ್ತಿಲ್ಲ. ಅಕ್ಕ ಒಂದು ಟಿಕೆಟ್ಟು ಉಳಿದಿದೆ ಎಂದು ನನ್ನನ್ನು ಪ್ರವಾಸಿಗರ ಜೊತೆ ಕಾರ್ಖಾನೆ ನೋಡಲು ಕಳಿಸಿದರು. ಬಾಡಿಸುವ ತೊಟ್ಟಿ, ಹಿಂಡುವ ಯಂತ್ರ, ಒಣಗಿಸುವ ಡ್ರೈಯರ್ ಎಲ್ಲ ತೋರಿಸಿ, ಕೊನೆಗೆ ಇವತ್ತಿನ ತಾಜಾ ಚಹಾ ಎಂದು ಒಂದೊಂದು ಬಟ್ಟಲು ಕೊಟ್ಟರು. ಸುತ್ತ ಹನ್ನೊಂದು ಜನ "ಆಹಾ, ಆಹಾ" ಎನ್ನುತ್ತಿದ್ದರು. ಮೂಲೆಯಲ್ಲಿ ಸಾಹೇಬರು ಕೆನ್ನೆ ಹಿಡಿದು ಕೂತಿದ್ದರು. ಬಾಗಿಲಲ್ಲಿ ಇವರು, ಪಕ್ಕದಲ್ಲಿ ಡ್ರೈಯರ್ ಮೇಸ್ತ್ರಿ. ನಾನು ಸೊರ್ರೆಂದು ಎಳೆದೆ. ಈಗೀಗ ಅದೇ ಅಭ್ಯಾಸವಾಗಿಬಿಟ್ಟಿದೆ.

"ಅಯ್ಯೋ, ಇದು ಹೊಗೆ! ದುಪಟ್ಟಾ ಸುಟ್ಟ ಹಾಗಿದೆ!"

ಹನ್ನೊಂದು ಬಟ್ಟಲುಗಳು ಒಟ್ಟಿಗೆ ಕೆಳಗಿಳಿದವು. ಸಾಹೇಬರು ಎದ್ದರು.

"ಯಾವು ಹೇಳಿದ್ದು?" ಹತ್ತಿಯ ನಡುವಿನಿಂದ ಕೇಳಿದರು.

ಬಾಗಿಲ ಕಡೆ ನೋಡಿದೆ. ಇವರ ಮುಖ ನೋಡಿದ ತಕ್ಷಣ ಇದು ಯಾರು ಸಹಿ ಹಾಕಿದ ಚಹಾ ಎಂದು ತಿಳಿಯಿತು. ನನ್ನ ಜೀವನದಲ್ಲಿ ಇಷ್ಟು ಬೇಗ ಯಾವ ಲೆಕ್ಕವೂ ಬಿಡಿಸಿರಲಿಲ್ಲ.

"ತಮಾಷೆಗೆ ಅಂದೆ ಸರ್. ತುಂಬ ಚೆನ್ನಾಗಿದೆ," ಎಂದೆ. ಇನ್ನೊಂದು ಗುಟುಕನ್ನೂ ಕುಡಿದು ತೋರಿಸಿದೆ. ನಕ್ಕೆ ಕೂಡ.

ಮುಗಿದು ಹೋಗಿತ್ತು. ಮೇಸ್ತ್ರಿ ಉಸಿರು ಬಿಟ್ಟ. ಪ್ರವಾಸಿಗರು ಮತ್ತೆ ಬಟ್ಟಲೆತ್ತಿಕೊಂಡರು. ಆಗ ಈ ಮಹಾನುಭಾವರು ಬಾಗಿಲಿನಿಂದ ಒಳಗೆ ಬಂದರು.

"ಅವಳು ಹೊಗೆ ಅಂದ್ರೆ ಹೊಗೇನೇ ಸರ್. ಸಹಿ ಹಾಕಿದ್ದು ನಾನು. ನನಗೆ ವಾಸನೆ ಗೊತ್ತಾಗಲ್ಲ, ಚಿಕ್ಕಂದಿನಿಂದ. ಇಷ್ಟು ದಿನ ನೀವು ಓದಿದ್ದೆಲ್ಲ ಇವಳ ಮಾತು. ಪೆಟ್ಟಿಗೆ ರೈಲು ಹತ್ತೋಕೆ ಮುಂಚೆ ನಿಲ್ಲಿಸ್ಬೇಕು."

ಇಷ್ಟು ಹೇಳಿ, ಯಾರ ಉತ್ತರಕ್ಕೂ ಕಾಯದೆ, ಸ್ಟೇಷನ್ನಿಗೆ ಓಡಿದರು. ಮೇಸ್ತ್ರಿ ಡ್ರೈಯರಿನ ಒಲೆ ಬಿಚ್ಚಿಸಿ ನೋಡಿದಾಗ ಕೊಳವೆಯಲ್ಲಿ ಬೆರಳು ತೂರುವಷ್ಟು ಬಿರುಕು. ಒಂದೂ ಪೆಟ್ಟಿಗೆ ಹೋಗಲಿಲ್ಲ. ನಮ್ಮ ಮನೆ ಮಾತ್ರ ಹೋಯಿತು.

ಸಾಹೇಬರು ನನ್ನನ್ನು ಟೇಸ್ಟಿಂಗ್ ರೂಮಿಗೆ ಕರೆದು ಆರು ಬಟ್ಟಲು ಮುಂದಿಟ್ಟರು. ನಾನು ಎಂಥ ಕೋಪದಲ್ಲಿದ್ದೆನೆಂದರೆ ಉಪಚಾರದ ಒಂದು ಮಾತೂ ಇಲ್ಲದೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬರೆದುಕೊಂಡರು. ಈ ಊರಿನಲ್ಲಿ ಎಲ್ಲರಿಗೂ ನನ್ನ ಮಾತು ಬರೆದುಕೊಳ್ಳುವ ಕಾಯಿಲೆ.

"ಬಾಯಿ ಮುಚ್ಕೊಂಡಿದ್ರೆ ಸೋಮವಾರ ಪಾಸಾಗ್ತಿದ್ರಿ," ಎಂದೆ, ಇವರು ವಾಪಸು ಬಂದಾಗ.

"ಆಗ್ತಿದ್ದೆ," ಎಂದರು. "ಆದ್ರೆ ನೀನು ಅದನ್ನ ಇನ್ನೊಂದು ಗುಟುಕು ಕುಡಿದೆಯಲ್ಲ. ನೋಡೋಕಾಗ್ಲಿಲ್ಲ."

ಮಾರ್ಚ್ 24, ಸೋಮವಾರ

ಕೋಣೆ ಖಾಲಿ ಮಾಡಿದೆವು. ಇವರಿಗೆ ಸ್ಟೇಷನ್ ಮಾಸ್ಟರು ಸೀಸನ್ ಮುಗಿಯುವವರೆಗೆ ಗೂಡ್ಸ್ ಶೆಡ್ಡಿನಲ್ಲಿ ಕೆಲಸ ಕೊಟ್ಟಿದ್ದಾರೆ. ಅತ್ತೆಮನೆಗೆ ಹೋಗಿ ದೊಡ್ಡಮಾವನ ಮುಖ ನೋಡುವುದಕ್ಕಿಂತ ಪೆಟ್ಟಿಗೆ ಎಣಿಸುವುದು ಮೇಲು ಎಂದರು. ನಾನು ತವರಿಗೆ ಹೊರಟೆ. ಎಷ್ಟು ದಿನಕ್ಕೆ ಎಂದು ಇವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಪ್ಲಾಟ್‌ಫಾರಮ್ಮಿನಲ್ಲಿ ಇವರೇ ನನ್ನ ಪೆಟ್ಟಿಗೆ ಹತ್ತಿಸಿದರು. ರೈಲು ಹೊರಟ ಮೇಲೆ ಪಕ್ಕದಲ್ಲೇ ನಡೆಯುತ್ತಾ ಬಂದರು. ಓಡಬೇಕಾಗಿರಲಿಲ್ಲ, ಈ ರೈಲಿಗೆ ನಡಿಗೆ ಸಾಕು.

"ಸುರಂಗ ಬಂದಾಗ ಕಿಟಕಿ ಹಾಕ್ಕೋ. ಹೊಗೆ ವಾಸನೆ ತುಂಬ ಬರುತ್ತಂತೆ."

ಅಂತೆ! ಹದಿನೆಂಟು ದಿನದ ಹಿಂದೆ ನನ್ನ ಪಕ್ಕದಲ್ಲೇ ಕೂತು ಅದೇ ಸುರಂಗ ದಾಟಿದ ಮನುಷ್ಯ.

ಕಿಟಕಿ ಹಾಕಿಕೊಂಡೆ. ಆದರೂ ಕಣ್ಣಿಗೆ ಹೊಗೆ ಹೋಯಿತು. ಕೆಟ್ಟ ರೈಲು.

ಮಾರ್ಚ್ 29, ಶನಿವಾರ

ತವರಿನಲ್ಲಿ ಸಂತಾಪ ಸೂಚಿಸಲು ಬರುವವರ ಸಾಲು ಹನುಮಂತನ ಬಾಲದಂತಿದೆ. ಚಿಕ್ಕಮ್ಮ, ಸೋದರತ್ತೆ, ಎದುರುಮನೆಯವರು. ಎಲ್ಲರಿಗೂ ಚಹಾ. ಅಮ್ಮನ ಚಹಾ ಒಂದು ಗುಟುಕು ಕುಡಿದು ಕೇಳಿದೆ:

"ಅಮ್ಮಾ, ಟೀ ಡಬ್ಬಿ ಪಕ್ಕ ಬಟ್ಟೆ ಸೋಪು ಇಟ್ಟಿದೀಯಾ?"

"ಅಯ್ಯೋ, ನಿನಗೆ ಹೇಗೆ ಗೊತ್ತಾಯ್ತು?"

"ಸೊಪ್ಪೂ ಹಳೇದು. ನೀರು ಎರಡು ಸಲ ಕುದಿಸಿದೀಯ."

ಅಮ್ಮ ಸೊಂಟದ ಮೇಲೆ ಕೈಯಿಟ್ಟಳು. ಅಪ್ಪ ಪೇಪರಿನ ಹಿಂದಿನಿಂದ, "ಕೆಲಸ ಹೋಗಿದ್ದು ಅಳಿಯಂದಿರದ್ದಾ, ಇವಳದ್ದಾ?" ಎಂದರು.

ಎಲ್ಲರೂ ನಕ್ಕರು. ಇದರಲ್ಲಿ ನಗುವಂಥದ್ದು ಏನಿದೆಯೋ. ಸೋಪನ್ನು ನಾನೇ ತೆಗೆದು ಬಚ್ಚಲಿಗೆ ಇಟ್ಟು ಬಂದೆ.

ಏಪ್ರಿಲ್ 1, ಮಂಗಳವಾರ

ಇವರ ಕಾಗದ ಬಂತು. ಒಂದೂವರೆ ಪುಟ ಎಡಗಡೆ ಸಿಲಿಂಡರಿನ ವಿಷಯ. ಬಿಚ್ಚಿ ರಿಪೇರಿ ಮಾಡಿದ್ದಾರಂತೆ, ಈಗ ಕುಂಟುವುದಿಲ್ಲವಂತೆ. ಬದುಕಿದೆ. ಕೊನೆಗೆ ಇಷ್ಟು:

"ಗೂಡ್ಸ್ ಶೆಡ್ಡಿನ ಮೇಲೆ ಒಂದು ಕೋಣೆ ಸಿಕ್ಕಿದೆ. ಬೆಳಗ್ಗೆ ಕಾರ್ಖಾನೆ ಕಡೆಯಿಂದ ಗಾಳಿ ಬೀಸಿದರೆ ಸೊಪ್ಪು ಬಾಡುವ ವಾಸನೆ ಬರುತ್ತದೆ ಎಂದು ಸ್ಟೇಷನ್ ಮಾಸ್ಟರು ಹೇಳಿದರು. ಹೇಗಿರುತ್ತದೆ ಎಂದು ಕೇಳಿದೆ. ಚೆನ್ನಾಗಿರುತ್ತದೆ ಎಂದರು. ಅಷ್ಟಕ್ಕೇ ನಿಲ್ಲಿಸಿಬಿಟ್ಟರು. ನೀನಾಗಿದ್ದರೆ ಎಂಟು ಸಾಲು ಹೇಳುತ್ತಿದ್ದೆ."

ನಾಲ್ಕು ಸಲ ಓದಿದೆ. ಕಾಗುಣಿತದ ತಪ್ಪು ಹುಡುಕಲು. ಇರಲಿಲ್ಲ.

ಏಪ್ರಿಲ್ 3, ಗುರುವಾರ

ಸ್ಪೂನ್ ಸಾಹೇಬರ ಕಾಗದ. ನನ್ನ ಹೆಸರಿಗೆ! ಪೂರ್ತಿ ಇಳಿಸುತ್ತೇನೆ, ದೊಡ್ಡದೇನಲ್ಲ:

"ಆರರಲ್ಲಿ ಐದು ಸರಿ. ನನ್ನ ಮೊದಲ ದಿನ ಮೂರು ಸರಿಯಿತ್ತು. ಮೂರು ತಿಂಗಳು ಕಲಿಯಲು ಬರಬಹುದು. ಕಲಿತರೆ ಕೆಲಸ, ಇಲ್ಲದಿದ್ದರೆ ಇಲ್ಲ. ಮುಂದಿನ ಸೋಮವಾರ ಬೆಳಗ್ಗೆ ಎಂಟಕ್ಕೆ. ನಾದಿನಿಯಂಥ ಮಾತುಗಳು ಕಡಿಮೆ ಇರಲಿ, ನಮ್ಮ ಫಾರಮ್ಮಿನಲ್ಲಿ ಜಾಗ ಸಾಲದು."

ಮನೆಯಲ್ಲಿ ಮಹಾಸಭೆ ನಡೆಯಿತು.

"ಗಂಡ ಪೆಟ್ಟಿಗೆ ಎಣಿಸೋದು, ಹೆಂಡತಿ ಚಮಚ ಹಿಡಿದು ಸಾಹೇಬರ ಪಕ್ಕ ನಿಲ್ಲೋದು. ಜನ ಏನಂತಾರೆ?" ಅಮ್ಮ.

"ಜನಕ್ಕೆ ಸೋಪಿನ ಚಹಾ ಕುಡಿಸ್ತಿದ್ವಿ, ಅವರು ಏನಾದ್ರೂ ಅಂದ್ರಾ?" ಅಪ್ಪ.

ಅತ್ತೆಯ ಫೋನು ಬಂತು. ಮಗನ ಕೆಲಸ ಕಿತ್ತುಕೊಂಡೆ ಎಂದು ಬೈಯುತ್ತಾರೆಂದು ಕಿವಿಯಿಂದ ಎರಡಿಂಚು ದೂರ ಹಿಡಿದೆ. "ಹೊರಗಿನವರ ಪಾಲಾಗ್ಲಿಲ್ವಲ್ಲ, ಮನೇಲೇ ಉಳೀತು, ಬಿಡು. ನಿಮ್ಮ ದೊಡ್ಡಮಾವ ಆಗ್ಲೇ ಊರೆಲ್ಲ ಹೇಳ್ಕೊಂಡು ಬರ್ತಿದ್ದಾರೆ, ಸೊಸೆಗೆ ಕೆಲಸ ಕೊಡಿಸಿದ್ದು ನಾನೇ ಅಂತ," ಎಂದರು. ಆಮೇಲೆ ದನಿ ತಗ್ಗಿಸಿ, "ಅವನು ಅಲ್ಲಿ ಸರಿಯಾಗಿ ಉಣ್ತಾನೋ ಇಲ್ವೋ. ಹಳಸಿದ್ರೂ ಗೊತ್ತಾಗಲ್ಲ ಅವನಿಗೆ. ಇಷ್ಟು ವರ್ಷ ನಾನು ಮೂಸಿ ನೋಡಿ ಹಾಕ್ತಿದ್ದೆ," ಎಂದರು.

ಇದನ್ನು ನಾನು ಯೋಚಿಸಿಯೇ ಇರಲಿಲ್ಲ.

ಏಪ್ರಿಲ್ 4, ಶುಕ್ರವಾರ

ಪೆಟ್ಟಿಗೆ ಕಟ್ಟಿಯಾಯಿತು. ತಪ್ಪು ಹೇಳಿದ ಆ ಒಂದು ಬಟ್ಟಲು ಯಾವುದಿರಬಹುದು ಎಂದು ಬೆಳಗ್ಗೆಯಿಂದ ತಲೆ ಕೆಡಿಸಿಕೊಂಡಿದ್ದೇನೆ. ಎರಡನೆಯದೇ ಇರಬೇಕು. ಅಲ್ಲಿ ಅವಸರ ಮಾಡಿದೆ.

ಇವರಿಗೆ ಕಾಗದ ಬರೆಯಲು ಕುಳಿತೆ. ಮೊದಲನೆಯದು ನಾಲ್ಕು ಪುಟ, ಎಲ್ಲ ಬೈಗುಳ. ಹರಿದೆ. ಎರಡನೆಯದರಲ್ಲಿ ಬೈಗುಳ ಅಷ್ಟಿರಲಿಲ್ಲ. ಅದನ್ನು ಇನ್ನೂ ಸಣ್ಣಗೆ ಹರಿದೆ. ಇನ್ನು ಕಾಗದ ಹಾಕಿದರೂ ನನಗಿಂತ ನಿಧಾನವಾಗಿ ಬೆಟ್ಟ ಹತ್ತುತ್ತದೆ. ಅಪ್ಪನ ಜೊತೆ ಹೋಗಿ ಸ್ಟೇಷನ್ ಮಾಸ್ಟರಿಗೆ ಫೋನ್ ಮಾಡಿದೆ. ಇವರು ಪೆಟ್ಟಿಗೆ ಎಣಿಸುತ್ತಿದ್ದಾರೆ, ಕರೆಯಲಾ ಎಂದರು. ಬೇಡ, ಎಣಿಕೆ ತಪ್ಪುತ್ತದೆ, ಇಷ್ಟು ಬರೆದು ಅವರ ಕೈಗೆ ಕೊಡಿ ಎಂದೆ. ಆ ಕಡೆ ಪೆನ್ನು ಹುಡುಕಿದ ಸದ್ದು ಕೇಳಿಸಿತು. ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದೆ: ಭಾನುವಾರ, ಜಂಕ್ಷನ್ನಿನಿಂದ ಬೆಳಗ್ಗೆ ಏಳು ಹತ್ತಕ್ಕೆ ಹೊರಡುವ ಪುಟ್ಟ ರೈಲು.